ಲೆಕ್ಕ ಬರಲ್ಲ ಅಂತಿದ್ದ ಹುಡುಗ್ರಿಗೆ ನಿಜವಾಗ್ಲೂ ಬರದೇ ಇದ್ದಿದ್ದು ಏನು: ಒಬ್ಬ ಗಣಿತದ ಮೇಡಮ್ ಮಾಡಿದ ಕೆಲಸದ ಕೇಸ್ ಸ್ಟಡಿ

ಒಳ್ಳೆ ಟೀಚರ್ ಬಗ್ಗೆ ಮಾತು ಬಂದ್ರೆ ಎಲ್ರೂ ಹೇಳೋದು ಹೆಚ್ಚುಕಡಿಮೆ ಒಂದೇ. ಪಾಠ ಚೆನ್ನಾಗಿ ಮಾಡ್ತಿದ್ರು, ಪ್ರೀತಿಯಿಂದ ಮಾತಾಡಿಸ್ತಿದ್ರು, ಹೊಡೀತಿರ್ಲಿಲ್ಲ, ಅಥವಾ ಹೊಡೆದ್ರೂ ನಮ್ಮ ಒಳ್ಳೇದಕ್ಕೇ ಹೊಡೀತಿದ್ರು. ಕೇಳೋಕೆ ಚೆನ್ನಾಗಿರತ್ತೆ, ಆದ್ರೆ ಬಿ.ಎಡ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿರೋ ಒಬ್ರು ಅದನ್ನ ಓದಿ ನಾಳೆ ಬೆಳಿಗ್ಗೆ ಕ್ಲಾಸಲ್ಲಿ ಏನ್ ಮಾಡಬೇಕು ಅಂತ ಕೇಳಿದ್ರೆ ಅದ್ರಲ್ಲಿ ಉತ್ತರ ಸಿಗಲ್ಲ. ಅದಕ್ಕೇ ನಾನು ಹತ್ತಿರದಿಂದ ನೋಡಿರೋ ಒಬ್ಬ ಗಣಿತದ ಮೇಡಮ್ ಒಂದು ವರ್ಷದಲ್ಲಿ ಏನ್ ಮಾಡಿದ್ರು, ಯಾವ ಹಂತದಲ್ಲಿ ಯಾವ ನಿರ್ಧಾರ ತಗೊಂಡ್ರು, ಯಾವ್ದು ಕೈ ಹಿಡೀತು ಯಾವ್ದು ಕೈಕೊಡ್ತು ಅನ್ನೋದನ್ನ ಪೂರ್ತಿ ಬರೀತಿದೀನಿ. ಊರು, ಶಾಲೆ, ಹೆಸರು ಯಾವ್ದೂ ಹಾಕಿಲ್ಲ, ಮಕ್ಕಳ ಗುರುತು ಸಿಗೋ ಥರದ ಒಂದೆರಡು ವಿವರ ಬದಲಿಸಿದೀನಿ.

ಹಿನ್ನೆಲೆ

ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಎಂಟರಿಂದ ಹತ್ತರ ತನಕ. ಕೊರೋನಾಕ್ಕೆ ಮುಂಚಿನ ಮಾತು. ಸುತ್ತಲಿನ ಹಳ್ಳಿಗಳು ಮತ್ತೆ ಎರಡು ತಾಂಡಾದಿಂದ ಮಕ್ಕಳು ಬರೋರು. ತೊಗರಿ, ಹತ್ತಿ ಬೆಳೆಯೋ ಸೀಮೆ, ಹತ್ತಿ ಬಿಡಿಸೋ ಟೈಮ್ ಬಂತು ಅಂದ್ರೆ ಹೆಣ್ಮಕ್ಕಳ ಹಾಜರಾತಿ ಬಿದ್ದುಹೋಗೋದು, ದೀಪಾವಳಿ ಆದ್ಮೇಲೆ ಒಂದಷ್ಟು ಮನೆಗಳಿಗೆ ಬೀಗ, ಮನೆಮಂದಿಯೆಲ್ಲ ಗುಳೆ, ಪುಣೆನೋ ಮುಂಬೈನೋ ಬೆಂಗಳೂರೋ, ಎಲ್ಲಿ ಬಿಲ್ಡಿಂಗ್ ಕೆಲಸ ಇದ್ರೆ ಅಲ್ಲಿಗೆ, ವಾಪಸ್ ಬರೋದು ಯುಗಾದಿ ಹೊತ್ತಿಗೆ. ನಾನು ಅಲ್ಲಿ ವಿಜ್ಞಾನ ಹೇಳ್ತಿದ್ದೆ.

ಈ ಮೇಡಮ್ ಜೂನ್‌ನಲ್ಲಿ ವರ್ಗಾವಣೆ ಆಗಿ ಬಂದ್ರು. ಮೊದಲ ನೋಟಕ್ಕೆ ಯಾರ ಕಣ್ಣಿಗೂ ಬೀಳೋ ಥರದವ್ರಲ್ಲ, ಮಾತು ಕಮ್ಮಿ, ದನಿ ಸಣ್ಣದು, ಪಕ್ಕದ ರೂಮಿಗೆ ಅವರ ಪಾಠ ಕೇಳಿಸ್ತಾನೇ ಇರ್ಲಿಲ್ಲ. ಮಕ್ಕಳನ್ನ ನಗಿಸೋ ಕಲೆ ಇರ್ಲಿಲ್ಲ, ಸ್ಟೇಜ್ ಮೇಲೆ ಭಾಷಣ ಬರ್ತಿರ್ಲಿಲ್ಲ. ಇದನ್ನ ಬೇಕಂತಲೇ ಬರೀತಿದೀನಿ, ಯಾಕಂದ್ರೆ ಒಳ್ಳೆ ಟೀಚರ್ ಅಂದ್ರೆ ಕ್ಲಾಸನ್ನ ಅಲ್ಲಾಡಿಸಿಬಿಡೋರು ಅನ್ನೋ ಚಿತ್ರ ನಮ್ಮ ತಲೇಲಿ ಕೂತುಬಿಟ್ಟಿದೆ.

ಹತ್ತನೇ ಕ್ಲಾಸಿನ ಗಣಿತದ ಪರಿಸ್ಥಿತಿ ಗೊತ್ತಿರೋದೇ. ಆಗ ನೂರು ಮಾರ್ಕ್ಸಲ್ಲಿ ಇಪ್ಪತ್ತು ಇಂಟರ್ನಲ್, ಉಳಿದ 80ರಲ್ಲಿ 28 ತಗೊಂಡ್ರೆ ಪಾಸು. ಆ 28 ಮುಟ್ಟಿಸೋಕೆ ಎಲ್ಲ ಕಡೆ ಇರೋ ಔಷಧಿ ಪಾಸಿಂಗ್ ಪ್ಯಾಕೇಜು, ಪೈಥಾಗೊರಸ್ ಪ್ರಮೇಯ ಬಾಯಿಪಾಠ, ಸ್ಪರ್ಶಕದ ರಚನೆ, ಗ್ರಾಫು, ಇಷ್ಟನ್ನ ಜನವರಿಯಿಂದ ದಿನಾ ಬರೆಸಿ ಬರೆಸಿ ಕೈಗೆ ಕೂರಿಸೋದು. ನಮ್ಮ ಶಾಲೇಲೂ ಹಂಗೇ ನಡೀತಿತ್ತು, ಆದ್ರೂ ಪ್ರತಿ ವರ್ಷ ಒಂದು ಗುಂಪು ಗಣಿತದಲ್ಲೇ ಉಳಿಯೋದು. ಎಲ್ರೂ ಹೇಳೋ ಕಾರಣ ಒಂದೇ, ಈ ಮಕ್ಕಳಿಗೆ ಫೌಂಡೇಶನ್ ಇಲ್ಲ. ಯಾವ ಫೌಂಡೇಶನ್ನು ಅಂತ ಯಾರೂ ಕೇಳ್ತಿರ್ಲಿಲ್ಲ.

ಗೊತ್ತಾಗಿದ್ದು ಹೆಂಗೆ

ಮೊದಲ ಎಫ್‌ಎ (ವರ್ಷದ ಮಧ್ಯೆ ಶಾಲೇಲೇ ನಡೆಸೋ ಸಣ್ಣ ಪರೀಕ್ಷೆ) ಟೆಸ್ಟ್ ಪೇಪರ್ ತಿದ್ದುವಾಗ ಮೇಡಮ್‌ಗೆ ಹಿಂದಿನ ಬೆಂಚಿನ ಒಬ್ಬ ಹುಡುಗನ ಪೇಪರ್ ಸಿಕ್ತು. ಅಕ್ಷರ ಮುತ್ತು ಪೋಣಿಸಿದಂಗೆ. ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದ, ಆದ್ರೆ ಉತ್ತರದ ಜಾಗದಲ್ಲಿ ಇದ್ದಿದ್ದು ಪ್ರಶ್ನೆಯೇ, ಒಂದು ಒತ್ತು ಕೂಡ ತಪ್ಪದೆ ಮತ್ತೊಮ್ಮೆ ಬರೆದಿದ್ದ ಅಷ್ಟೇ. ಪೇಪರ್ ತಿದ್ದೋ ಯಾವ ಟೀಚರ್‌ಗೂ ಇದು ಹೊಸದಲ್ಲ. ಉತ್ತರ ಗೊತ್ತಿಲ್ಲದ ಮಕ್ಕಳು ಹಾಳೆ ಖಾಲಿ ಬಿಡಬಾರ್ದು ಅಂತ ಹಂಗೆ ಮಾಡ್ತಾರೆ ಅಂದ್ಕೊಂಡು ಸೊನ್ನೆ ಹಾಕಿ ಮುಂದಕ್ಕೆ ಹೋಗ್ತೀವಿ. ಮೇಡಮ್ ಸೊನ್ನೆ ಹಾಕಿದ್ರು, ಆದ್ರೆ ಮಧ್ಯಾಹ್ನ ಬಿಸಿಯೂಟ ಆದ್ಮೇಲೆ ಆ ಹುಡುಗನ್ನ ಕರೆದು ಪಕ್ಕಕ್ಕೆ ಕೂರಿಸಿಕೊಂಡ್ರು. ನಾನು ಅದೇ ಸ್ಟಾಫ್ ರೂಮಲ್ಲಿ ಇದ್ದೆ.

"ಇದನ್ನ ಯಾಕ ಬಿಡಿಸಿಲ್ಲಪಾ?"

"ಬರಲ್ರಿ ಮೇಡಮ್."

"ಏನ್ ಬರಲ್ಲ?"

"ಲೆಕ್ಕ ಬರಲ್ರಿ."

ಇಲ್ಲಿಗೆ ಮಾತು ನಿಲ್ಲೋದು ವಾಡಿಕೆ. ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟು ಅದೇ ಪ್ರಶ್ನೇನ ನಿಧಾನಕ್ಕೆ ಓದಿ ಹೇಳಿದ್ರು: ಎರಡು ಕ್ರಮಾಗತ ಧನ ಪೂರ್ಣಾಂಕಗಳ ವರ್ಗಗಳ ಮೊತ್ತ 13 ಆದರೆ ಆ ಸಂಖ್ಯೆಗಳು ಯಾವುವು. ಕ್ರಮಾಗತ ಅಂದ್ರೆ ಒಂದರ ಹಿಂದೆ ಒಂದು ಬರೋದು ಅಂತ ಮಾತ್ರ ಬಿಡಿಸಿ ಹೇಳಿದ್ರು. ಹುಡುಗ ಸ್ವಲ್ಪ ಹೊತ್ತು ನೆಲ ನೋಡ್ತಾ ಕೂತು, "ವರ್ಗ ಅಂದ್ರ ಅದಕ್ಕ ಅದರಿಂದೇ ಗುಣಿಸಾದಲ್ರಿ?" ಅಂದ. ಹೌದು ಅಂದ್ರು. "ಎರಡು ಮತ್ತ ಮೂರು ರೀ. ನಾಕು, ಒಂಬತ್ತು, ಹದಿಮೂರು."

ಸಮೀಕರಣ ಹಾಕಿಲ್ಲ, ಸ್ಟೆಪ್ಸ್ ಇಲ್ಲ, ಬೋರ್ಡ್ ಎಕ್ಸಾಮಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್ ಸಿಗಲ್ಲ, ಅದೆಲ್ಲ ಸರಿ. ಆದ್ರೆ ಲೆಕ್ಕ ಬರಲ್ಲ ಅನ್ನೋದು ಸುಳ್ಳು ಅಂತ ಅಲ್ಲೇ ಗೊತ್ತಾಗೋಯ್ತು. ಆಮೇಲೆ ಮೇಡಮ್ ಪೇಪರ್ ಬಿಚ್ಚಿ ಅವನ ಕೈಗೆ ಕೊಟ್ಟು, ಈಗ ನೀ ಓದು ಅಂದ್ರು. "ಎರಡು" ಅಂತ ಓದಿದ. ಮುಂದಿನ ಪದ ಕ್ರಮಾಗತ. ಅಲ್ಲಿ ನಿಂತ. ಬೆರಳು ಆ ಕ್ರ ಮೇಲೆ ಇಟ್ಕೊಂಡು ಬಾಯಲ್ಲೇ ಏನೋ ಗುನುಗಿ ಸುಮ್ನಾದ. ಹತ್ತನೇ ಕ್ಲಾಸಿನ ಹುಡುಗ, ಅಕ್ಷರ ಮುತ್ತಿನಂಗೆ, ಓದೋಕೆ ಬರಲ್ಲ.

ಮುಂದಿನ ವಾರ ಅವರು ಕ್ಲಾಸಿನ ಅಷ್ಟೂ ಮಕ್ಕಳನ್ನ ಒಬ್ಬೊಬ್ಬರನ್ನೇ ಕರೆದು ಓದಿಸಿದ್ರು. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರತ್ತೆ ಅಂತ ನೋಡೋ ಅಸರ್ ಸರ್ವೆಯವ್ರು 2005ರಿಂದ ಹಳ್ಳಿ ಹಳ್ಳಿಗೆ ತಗೊಂಡು ಹೋಗ್ತಿರೋ ಹಾಳೆ ಇದ್ಯಲ್ಲ, ಬಿಡಿ ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸ್ ಮಟ್ಟದ ಒಂದು ಪುಟ್ಟ ಕಥೆ, ಅದೇ ಮಾದರಿ ಕೈಯಲ್ಲೇ ಬರ್ಕೊಂಡು, ಕೊನೇಲಿ ಹತ್ತನೇ ಗಣಿತದ ಒಂದು ಲೆಕ್ಕದ ಸಾಲು ಸೇರಿಸಿದ್ರು. ಗಿಡದ ಕೆಳಗೆ, ಬೇರೆ ಮಕ್ಕಳಿಗೆ ಕೇಳಿಸದಂಗೆ. ನಲವತ್ತರ ಹತ್ರ ಇದ್ದ ಕ್ಲಾಸಲ್ಲಿ ಹನ್ನೊಂದು ಮಕ್ಕಳಿಗೆ ಎರಡನೇ ಕ್ಲಾಸಿನ ಕಥೆ ಓದೋಕೆ ಆಗ್ಲಿಲ್ಲ. ಒತ್ತಕ್ಷರ ಇಲ್ಲದ ಪದ ಓದ್ತಿದ್ರು, ಒತ್ತು ಬಂದ ಕಡೆ ನಿಲ್ತಿದ್ರು. ಈ ಹನ್ನೊಂದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ನೋಟ್ಸು ಕ್ಲಾಸಿಗೇ ನೀಟು. ಬೋರ್ಡ್ ನೋಡಿ ಇದ್ದಂಗೆ ಇಳಿಸಿಕೊಳ್ಳೋದನ್ನ ಹತ್ತು ವರ್ಷ ಮಾಡಿ ಮಾಡಿ ಅವ್ರು ಅದ್ರಲ್ಲಿ ಪಳಗಿದ್ರು, ನಾವು ನೋಟ್ಸ್ ನೋಡಿ ಗುಡ್ ಅಂತ ಸಹಿ ಹಾಕ್ತಿದ್ವಿ, ಎಲ್ಲ ಸರಿ ಇದೆ ಅಂತ ಅವರಿಗೂ ನಮಗೂ ಅನ್ನಿಸ್ತಿತ್ತು.

ಹತ್ತರ ತನಕ ಹೆಂಗ್ ಬಂದ್ರು ಅಂತ ಕೇಳಬೌದು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಬಂದ್ಮೇಲೆ ಎಂಟರ ತನಕ ಫೇಲ್ ಮಾಡೋ ಹಂಗಿರ್ಲಿಲ್ಲ, ಅದಕ್ಕೇ ಹಿಂಗಾಗಿದ್ದು ಅಂತ ಸ್ಟಾಫ್ ರೂಮ್‌ಗಳಲ್ಲಿ ಬೈಯೋದು ಜಾಸ್ತಿ. ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. ಮೇಡಮ್ ಈ ಹನ್ನೊಂದು ಮಕ್ಕಳ ಮನೆಗೆ ಹೋಗಿ ಮಾತಾಡಿದಾಗ ಹೆಚ್ಚಿನವರ ಕಥೆ ಒಂದೇ ಇತ್ತು, ಎರಡನೇ ಮೂರನೇ ಕ್ಲಾಸಲ್ಲಿ ಅಪ್ಪ ಅವ್ವನ ಜೊತೆ ಗುಳೆ ಹೋಗಿದ್ರು. ಒತ್ತಕ್ಷರ ಹೇಳ್ಕೊಡೋದು ಆ ವಯಸ್ಸಲ್ಲೇ. ಮೂರನೇ ಕ್ಲಾಸಿನ ತನಕ ಕಾರ್ಡಲ್ಲಿ ಕಲಿಸೋ ನಲಿ ಕಲಿ ಪದ್ಧತಿ ಮಾಡಿರೋದೇ ಇಂಥ ಮಕ್ಕಳನ್ನ ತಲೇಲಿಟ್ಕೊಂಡು, 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದಾಗಿಂದ್ಲೂ ಅದರ ಲೆಕ್ಕಾಚಾರ ಏನಂದ್ರೆ ಮಗು ಬಿಟ್ಟುಹೋದ ಮೈಲಿಗಲ್ಲಿಂದಲೇ ವಾಪಸ್ ಬಂದು ಮುಂದುವರೀಬೇಕು ಅಂತ. ಆದ್ರೆ ನಾಲ್ಕೈದು ತಿಂಗಳು ಬಿಟ್ಟು ಬಂದು, ಮುಂದಿನ ವರ್ಷ ಮತ್ತೆ ಬಿಟ್ಟು ಹೋಗಿ, ಅಷ್ಟರಲ್ಲಿ ನಾಲ್ಕನೇ ಕ್ಲಾಸ್ ಬಂದು ನಲಿ ಕಲಿ ಕಾರ್ಡೇ ಮುಗಿದುಹೋಗಿರತ್ತೆ. ಅಲ್ಲಿಂದಾಚೆಗೆ ಒತ್ತಕ್ಷರ ಯಾರ ಪಾಠದಲ್ಲೂ ಇಲ್ಲ.

ಸ್ಟಾಫ್ ಮೀಟಿಂಗಲ್ಲಿ ಆಗಿದ್ದು

ಹೆಡ್‌ಮಾಸ್ಟರ್ ಒಳ್ಳೇವ್ರೇ, ಆದ್ರೆ ಅವರ ತಲೆ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ರಿವ್ಯೂ ಇತ್ತು. "ಮೇಡಮ್, ಹತ್ತನೇತ್ತಿಗೆ ಬಂದಮ್ಯಾಲ ಕಾಗುಣಿತ ಕಲಸಕೋತ ಕುಂತ್ರ ಸಿಲೆಬಸ್ ಯಾವಾಗ ಮುಗಸ್ತೀರಿ?" ಅಂದ್ರು. ತಪ್ಪು ಪ್ರಶ್ನೆ ಅಲ್ಲ ಅದು. ಮೇಡಮ್ ವಾದ ಮಾಡ್ಲಿಲ್ಲ, ಬೇರೆಯವರ ಪೀರಿಯಡ್ ಕೇಳಲ್ಲ, ಬೇಕಾದ್ರೆ ನನ್ನ ಪೀರಿಯಡಲ್ಲೇ ಹದಿನೈದು ನಿಮಿಷ ತಗೋತೀನಿ, ಸಿಲೆಬಸ್ ಡಿಸೆಂಬರ್‌ಗೆ ಮುಗಿಸಿಕೊಡ್ತೀನಿ ಅಂತಷ್ಟೇ ಹೇಳಿದ್ರು.

ಅದಕ್ಕಿಂತ ಸೂಕ್ಷ್ಮ ಇದ್ದಿದ್ದು ಕನ್ನಡ ಸರ್ ವಿಷಯ. ಗಣಿತದವ್ರು ಬಂದು ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂದ್ರೆ ಕನ್ನಡ ಹೇಳೋರಿಗೆ ಹೆಂಗನ್ನಿಸಬೇಕು? ಅವರ ಮುಖ ಆವತ್ತು ಸಪ್ಪಗಾಗಿತ್ತು. ಈ ಕೇಸಲ್ಲಿ ನನ್ನ ಪ್ರಕಾರ ತುಂಬ ದೊಡ್ಡ ನಿರ್ಧಾರ ಇಲ್ಲೇ ಆಗಿದ್ದು. ಮಾರನೇ ದಿನ ಮೇಡಮ್ ಗಣಿತದ ಪುಸ್ತಕ ತಗೊಂಡು ಅವರ ಹತ್ರ ಹೋಗಿ, "ಸರ್, ನನಗ ಒತ್ತಕ್ಷರ ಹೆಂಗ್ ಕಲಿಸಬೇಕಂತ ಗೊತ್ತಿಲ್ಲ, ನೀವ್ ಹೇಳ್ಕೊಡ್ರಿ" ಅಂತ ಕೇಳಿದ್ರು. ಸುಮ್ನೆ ಸಮಾಧಾನಕ್ಕಲ್ಲ, ನಿಜವಾಗ್ಲೂ ಅವ್ರಿಗೆ ಗೊತ್ತಿರ್ಲಿಲ್ಲ. ಸರ್ ಇಪ್ಪತ್ತು ವರ್ಷದ ಸರ್ವೀಸಿನವ್ರು, ಕೂತು ವಿವರವಾಗಿ ಹೇಳಿದ್ರು. ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಅದೇ ಅಕ್ಷರದ ಥರ ಕಾಣ್ತವೆ, ಅವು ಮಕ್ಕಳಿಗೆ ಬೇಗ ಹತ್ತುತ್ತೆ, ಕಷ್ಟ ಕೊಡೋದು ತ, ನ, ಮ, ಯ, ರ, ಲ ಈ ಆರು, ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ನೋಡೋಕೆ ಸಂಬಂಧನೇ ಇರಲ್ಲ ಅಂತ. ಇಬ್ರೂ ಸೇರಿ ಗಣಿತದ ಪುಸ್ತಕ ತಿರುವಿದ್ರೆ ಆ ಆರೇ ಎಲ್ಲ ಕಡೆ ಕಾಣ್ತಿದ್ವು. ಮೊತ್ತ, ವೃತ್ತ, ತ್ರಿಜ್ಯ, ವ್ಯಾಸ, ಸಂಖ್ಯೆ, ಸಮಸ್ಯೆ, ಪ್ರಮೇಯ, ಭಿನ್ನರಾಶಿ. ಒತ್ತು ಓದೋಕೆ ಬರದ ಮಗುವಿಗೆ ಗಣಿತದ ಪುಸ್ತಕ ಕನ್ನಡ ಪುಸ್ತಕಕ್ಕಿಂತ ಕಷ್ಟ ಅಂತ ಆವತ್ತು ನಮಗೆಲ್ಲ ಅರಿವಾಯ್ತು. ಆಮೇಲೆ ಕನ್ನಡ ಸರ್ ಈ ಕೆಲಸದಲ್ಲಿ ಪಾಲುದಾರರೇ ಆಗೋದ್ರು.

ಮೊದಲು ಮಾಡಿದ್ದು ಕೈಕೊಡ್ತು

ಮೊದಲ ಪ್ರಯತ್ನ ಎಲ್ರೂ ಯೋಚ್ನೆ ಮಾಡೋ ಥರದ್ದೇ. ಪಕ್ಕದ ಪ್ರಾಥಮಿಕ ಶಾಲೆಯಿಂದ ಕಾಗುಣಿತದ ಚಾರ್ಟು, ನಲಿ ಕಲಿ ಕಾರ್ಡು ತಂದು, ಸಂಜೆ ಶಾಲೆ ಬಿಟ್ಮೇಲೆ ಹನ್ನೊಂದು ಮಕ್ಕಳನ್ನ ಕೂರಿಸಿಕೊಂಡ್ರು. ರ ಗ ಸ ದ ಅ ಅಂತ ಆಕಾರ ಹೋಲೋ ಅಕ್ಷರಗಳಿಂದ ಶುರುಮಾಡೋ ಆ ಕ್ರಮ ಸಣ್ಣ ಮಕ್ಕಳಿಗೆ ತುಂಬ ಚೆನ್ನಾಗಿದೆ. ಆದ್ರೆ ಮೀಸೆ ಮೂಡ್ತಿರೋ ಹುಡುಗ್ರ ಕೈಗೆ ಪ್ರಾಣಿ ಚಿತ್ರ ಇರೋ ಕಾರ್ಡ್ ಕೊಟ್ರೆ? ಮೊದಲ ವಾರಕ್ಕೇ ಅರ್ಧ ಜನ ನಿಂತ್ರು. ಹಿಂದಿನ ಬೆಂಚಿನ ಹುಡುಗ "ಅದು ನಮ್ ತಂಗಿ ಪುಸ್ತಕ ಅದರೀ ಮೇಡಮ್" ಅಂದುಬಿಟ್ಟ. ತಾಂಡಾದ ಹುಡುಗೀರಿಗೆ ಇನ್ನೊಂದು ತೊಂದರೆ, ಅವ್ರು ಗುಂಪಾಗಿ ನಡ್ಕೊಂಡು ಹೋಗೋರು, ಕತ್ತಲಾದ್ರೆ ಮನೇಲಿ ಬೈತಾರೆ, ಗುಂಪು ಬಿಟ್ಟು ಹಿಂದೆ ಉಳಿಯೋ ಹಂಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಂಜೆ ಕೂತಿರೋರೆಲ್ಲ ಓದೋಕೆ ಬರದೋರು ಅಂತ ಇಡೀ ಶಾಲೆಗೆ ಗೊತ್ತಾಗ್ತಿತ್ತು.

ಮಕ್ಕಳು ಬರ್ತಿಲ್ಲ ಅಂದ್ರೆ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ರಿಜಿಸ್ಟರಲ್ಲಿ ಬರೆದು ಕೈ ತೊಳ್ಕೊಳೋದು ಸುಲಭ ಇತ್ತು. ಮೇಡಮ್ ಸಂಜೆ ಕ್ಲಾಸ್ ನಿಲ್ಲಿಸಿದ್ರು, ಓದು ನಿಲ್ಲಿಸ್ಲಿಲ್ಲ.

ಇಡೀ ಕ್ಲಾಸಿಗೆ ಒಂದು ಲೆಕ್ಕ, ಓದೋಕೆ ಮಾತ್ರ

ಎರಡನೇ ಪ್ರಯತ್ನದಲ್ಲಿ ಗಣಿತ ಪೀರಿಯಡಿನ ಮೊದಲ ಹದಿನೈದು ನಿಮಿಷ ಎಲ್ರಿಗೂ ಓದು. ಬೋರ್ಡ್ ಮೇಲೆ ಒಂದೇ ಲೆಕ್ಕ, ಅದೂ ಹತ್ತನೇ ಪುಸ್ತಕದ್ದೇ. ಬಿಡಿಸೋ ಹಂಗಿಲ್ಲ, ಪೆನ್ನು ಮುಟ್ಟೋ ಹಂಗಿಲ್ಲ. ಮೊದಲು ಎಲ್ರೂ ಒಟ್ಟಿಗೆ, ಆಮೇಲೆ ಬೆಂಚ್ ಬೆಂಚಾಗಿ, ಆಮೇಲೆ ಇಬ್ಬಿಬ್ರು. ಓದಿದ್ಮೇಲೆ ಪ್ರಶ್ನೆ ಎರಡೇ: ಏನ್ ಕೊಟ್ಟಾರ, ಏನ್ ಕೇಳ್ಯಾರ. ಕ್ಲಾಸಲ್ಲಿ ಚೆನ್ನಾಗಿ ಓದೋ ಮಕ್ಕಳಿಗೂ ಇದ್ರಿಂದ ಲಾಭ ಆಯ್ತು, ಯಾಕಂದ್ರೆ ಓದೋಕೆ ಬಂದ್ರೂ ಲೆಕ್ಕದಲ್ಲಿ ಏನು ಕೇಳಿದಾರೆ ಅಂತ ಅರ್ಥ ಆಗದೆ ಸೂತ್ರ ಹಾಕೋ ಮಕ್ಕಳೂ ಬೇಕಾದಷ್ಟು ಇದ್ರು. ಹಂಗಾಗಿ ಯಾರಿಗಾಗಿ ಇದು ನಡೀತಿದೆ ಅಂತ ಮಕ್ಕಳಿಗೆ ಗೊತ್ತಾಗ್ಲೇ ಇಲ್ಲ.

ಇಬ್ಬಿಬ್ರನ್ನ ಜೋಡಿ ಮಾಡಿದ ರೀತಿ ಗಮನಿಸಬೇಕು. ಜಾಣರು ದಡ್ಡರು ಅಂತ ಅಲ್ಲ. ಓದೋದು ಸರಾಗ ಆದ್ರೆ ಲೆಕ್ಕದಲ್ಲಿ ಹೆದರೋ ಹುಡುಗನ ಪಕ್ಕ ಬಾಯಿಲೆಕ್ಕ ಚುರುಕಾಗಿದ್ದು ಓದೋಕೆ ಬರದ ಹುಡುಗ, ಹುಡುಗೀರಲ್ಲೂ ಹಂಗೇ. ಒಬ್ಬ ಓದ್ತಾನೆ, ಇನ್ನೊಬ್ಬ ಬಿಡಿಸೋ ದಾರಿ ಹೇಳ್ತಾನೆ, ಇಬ್ರಿಗೂ ಇನ್ನೊಬ್ಬನ ಅವಶ್ಯಕತೆ ಇದೆ. ನಮ್ಮ ಹಿಂದಿನ ಬೆಂಚಿನ ಹುಡುಗನ್ನ "ಇದನ್ನ ಹೆಂಗ್ ಮಾಡಾದು ಹೇಳಲೇ" ಅಂತ ಇನ್ನೊಬ್ಬ ಕೇಳಿದ್ದು ಅವನ ಶಾಲಾ ಜೀವನದಲ್ಲಿ ಅದೇ ಮೊದಲಿರಬೇಕು.

ಇನ್ನೊಂದು, ಮೇಡಮ್ ಹತ್ರ ಒಂದು ನೂರು ಪೇಜಿನ ನೋಟ್‌ಬುಕ್ ಇತ್ತು. ಮಗು ತಪ್ಪು ಓದಿದ್ರೆ ತಕ್ಷಣ ತಿದ್ದುತ್ತಿರ್ಲಿಲ್ಲ, ಏನ್ ಓದ್ತೋ ಅದನ್ನ ಹಂಗೇ ಬರ್ಕೊಳೋರು. ಎರಡು ಮೂರು ವಾರ ಆದ್ಮೇಲೆ ಅದನ್ನ ನನಗೂ ಕನ್ನಡ ಸರ್‌ಗೂ ತೋರಿಸಿದ್ರು. ವರ್ಗ ಅನ್ನೋದನ್ನ ಹುಡುಗ ವಗರ ಅಂತ ಓದಿದ್ದ. ಕರ್ಣ ಅನ್ನೋದನ್ನ ಕಣರ. ಪೂರ್ಣ ಪೂಣರ. ಸ್ಪರ್ಶಕ ಅಂತೂ ಪೂರ್ತಿ ಚಿಂದಿ. ಬಿಡಿಬಿಡಿಯಾಗಿ ಕೇಳಿದ್ರೆ ಬರೀ ತೊದಲು ಅನ್ಸುತ್ತೆ, ಸಾಲಾಗಿ ಬರೆದು ನೋಡಿದ್ರೆ ಎಲ್ಲ ಒಂದೇ ತಪ್ಪು. ಅರ್ಕಾವೊತ್ತು. ಕನ್ನಡದಲ್ಲಿ ಹೆಚ್ಚುಕಡಿಮೆ ಬೇರೆಲ್ಲ ಎಡದಿಂದ ಬಲಕ್ಕೆ ಇದ್ದಂಗೆ ಓದ್ಕೊಂಡು ಹೋಗಬೌದು, ಇದೊಂದು ಗುರುತು ಮಾತ್ರ ಅಕ್ಷರ ಆದ್ಮೇಲೆ ಕೂತಿರತ್ತೆ, ಆದ್ರೆ ಆ ಅಕ್ಷರಕ್ಕಿಂತ ಮುಂಚೆ ಉಚ್ಚಾರ ಮಾಡಬೇಕು. ಹುಡುಗ ಎಲ್ಲಿ ಕಾಣ್ತೋ ಅಲ್ಲೇ ರ ಸೇರಿಸಿ ಓದಿದ್ದ. ಅವನಿಗೆ ಗೊತ್ತಿದ್ದ ನಿಯಮದ ಪ್ರಕಾರ ಅವನು ಸರಿಯಾಗೇ ಓದಿದ್ದ! ತಾಂಡಾದ ಒಬ್ಬ ಹುಡುಗಿ ಅದನ್ನ ಕನ್ನಡದ ಒಂಬತ್ತು ಅಂಕಿ ಅಂದ್ಕೊಂಡು, ಲೆಕ್ಕದ ಪುಸ್ತಕ ತಾನೆ ಎಲ್ಲೋ ನಂಬರ್ ಹಾಕಿದಾರೆ ಅಂತ ಬಿಟ್ಟೇ ಓದ್ತಿದ್ಲು.

ಮಾರನೇ ದಿನ ಮೇಡಮ್ ಬೋರ್ಡ್ ಮೇಲೆ ವರ್ಗ, ಕರ್ಣ, ಪೂರ್ಣ, ಅರ್ಧ, ವಿಸ್ತೀರ್ಣ ಬರೆದು, ಬಣ್ಣದ ಚಾಕ್‌ಪೀಸಲ್ಲಿ ಅರ್ಕಾವೊತ್ತಿಂದ ಹಿಂದಿನ ಅಕ್ಷರದ ಎಡಕ್ಕೆ ಒಂದು ಬಾಣ ಎಳೆದು, "ಈ ಗುರುತು ಕಂಡ್ರ ಮೊದಲ ರ್ ಅನ್ರಿ, ಆಮೇಲೆ ಅಕ್ಷರ" ಅಂದ್ರು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಪಾಠ ಆ ಹುಡುಗನಿಗೆ ಏಳೆಂಟು ವರ್ಷದಿಂದ ಸಿಕ್ಕಿರ್ಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಹನ್ನೊಂದರಲ್ಲಿ ಏಳು ಮಕ್ಕಳು ಅರ್ಕಾವೊತ್ತು ದಾಟಿದ್ರು, ಆಮೇಲೆ ಆ ಆರು ಒತ್ತುಗಳು ವಾರಕ್ಕೊಂದರಂಗೆ. ಒತ್ತಿನ ಮೇಲೆ ಒತ್ತು ಬರೋ ರಾಷ್ಟ್ರ, ಸ್ವಾತಂತ್ರ್ಯದಂಥ ಪದಗಳ ಗೋಜಿಗೆ ಅವರು ಹೋಗ್ಲೇ ಇಲ್ಲ, ಗಣಿತಕ್ಕೆ ಅದು ಬೇಕಾಗ್ಲೂ ಇಲ್ಲ.

ದೀಪಾವಳಿ ಆದ್ಮೇಲೆ

ನವೆಂಬರಲ್ಲಿ ಹನ್ನೊಂದರಲ್ಲಿ ಮೂವರು ಗುಳೆ ಹೊರಟ್ರು. ಎಸ್ಸೆಸ್ಸೆಲ್ಸಿ ವರ್ಷ ಇದು, ಅಜ್ಜಿ ಹತ್ರ ಬಿಟ್ಟು ಹೋಗ್ರಿ ಅಂತ ಮೇಡಮ್ ಮತ್ತೆ ಹೆಡ್‌ಮಾಸ್ಟರ್ ಇಬ್ರೂ ಮನೆಮನೆಗೆ ಹೋಗಿ ಕೇಳ್ಕೊಂಡ್ರು. ಒಂದು ಮನೆಯವ್ರು ಒಪ್ಪಿದ್ರು. ಇನ್ನಿಬ್ರ ಮನೇಲಿ ಅಜ್ಜಿನೇ ಇರ್ಲಿಲ್ಲ, ಸೈಟಲ್ಲಿ ಸಣ್ಣ ಮಗು ನೋಡ್ಕೊಳೋಕೆ ಹುಡುಗಿ ಬೇಕಿತ್ತು, ಮುಂಗಡ ಆಗ್ಲೇ ತಗೊಂಡಿದ್ರು. ಅದನ್ನ ಬೇಜವಾಬ್ದಾರಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಮೇಡಮ್ ಹೋಗೋರ ಚೀಲದಲ್ಲಿ ಇಪ್ಪತ್ತು ಲೆಕ್ಕದ ಸಾಲು ದಪ್ಪಕ್ಷರದಲ್ಲಿ ಬರೆದ ಹಾಳೆ ಇಟ್ಟು ಕಳಿಸಿದ್ರು, ಭಾನುವಾರ ಸಂಜೆ ಅಪ್ಪನ ಕೀಪ್ಯಾಡ್ ಫೋನಿಗೆ ಕಾಲ್ ಮಾಡಿ ಒಂದು ಸಾಲು ಓದಿಸೋರು. ಕೆಲವು ವಾರ ಆಯ್ತು, ಕೆಲವು ವಾರ ಫೋನ್ ಸ್ವಿಚ್ ಆಫ್. ಒಬ್ಬ ಹುಡುಗ ಫೆಬ್ರವರಿಯ ಪ್ರಿಪರೇಟರಿಗೆ ವಾಪಸ್ ಬಂದ, ಕಲಿತಿದ್ದು ಅಷ್ಟಕ್ಕಷ್ಟೇ ಉಳಿದಿತ್ತು, ಆದ್ರೂ ಬಂದ. ತಾಂಡಾದ ಹುಡುಗಿ, ಅರ್ಕಾವೊತ್ತನ್ನ ಒಂಬತ್ತು ಅಂತಿದ್ದವಳು, ಬರ್ಲೇ ಇಲ್ಲ. ಹಾಲ್ ಟಿಕೆಟ್ ಶಾಲೇಲೇ ಉಳೀತು. ಇವತ್ತಿಗೂ ಇಷ್ಟು ಬರೀವಾಗ ಸಂಕಟ ಆಗತ್ತೆ, ಯಾಕಂದ್ರೆ ಆ ಹನ್ನೊಂದರಲ್ಲಿ ತುಂಬ ಬೇಗ ಕಲೀತಿದ್ದವಳು ಅವಳೇ.

ರಿಸಲ್ಟು

ಹತ್ತು ಮಕ್ಕಳು ಪರೀಕ್ಷೆ ಬರೆದ್ರು, ಗಣಿತದಲ್ಲಿ ಏಳು ಮಕ್ಕಳು ಪಾಸ್. ಹಿಂದಿನ ಬೆಂಚಿನ ಹುಡುಗ ಗಣಿತದಲ್ಲಿ ಆರಾಮಾಗಿ ದಾಟಿದ, ಪ್ರಶ್ನೇನ ಕಾಪಿ ಮಾಡೋ ಬದ್ಲು ಓದಿ ಬಿಡಿಸಿದ್ದ. ಆದ್ರೆ ಸಮಾಜ ವಿಜ್ಞಾನದಲ್ಲಿ ಫೇಲ್. ಜೂನ್ ಪೂರಕ ಪರೀಕ್ಷೇಲಿ ಅದನ್ನೂ ಪಾಸ್ ಮಾಡ್ಕೊಂಡ.

ಸಮಾಜದಲ್ಲಿ ಯಾಕೆ ಹೋಯ್ತು ಅಂತ ಕೂತು ಯೋಚ್ನೆ ಮಾಡಿದ್ರೆ ಕಾರಣ ಸ್ಪಷ್ಟ ಇತ್ತು. ಓದೋದು ಬಂತು, ತನ್ನ ತಲೆಯಿಂದ ಒಂದು ವಾಕ್ಯ ಕಟ್ಟಿ ಬರೆಯೋದು ಬಂದಿರ್ಲಿಲ್ಲ. ಹತ್ತು ವರ್ಷ ಬೋರ್ಡ್ ನೋಡಿ ಬರೆದ ಕೈ ಅದು. ಗಣಿತಕ್ಕೆ ಅಂಕಿ, ಸ್ಟೆಪ್ಸ್ ಸಾಕಾಗತ್ತೆ, ನಾಲ್ಕು ಮಾರ್ಕ್ಸಿನ ಉತ್ತರಕ್ಕೆ ಸಾಕಾಗಲ್ಲ. ಈ ವಿಧಾನದ ಮಿತಿ ಇದು, ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಇನ್ನೊಂದು ವಿಷಯ, ಶಾಲೆಯ ಒಟ್ಟು ಪರ್ಸೆಂಟೇಜ್ ಹಿಂದಿನ ವರ್ಷಕ್ಕಿಂತ ಹೇಳಿ­ಕೊಳ್ಳೋಷ್ಟೇನೂ ಏರ್ಲಿಲ್ಲ. ತಾಲ್ಲೂಕು ಮೀಟಿಂಗಲ್ಲಿ ನಮ್ಮ ಶಾಲೆ ಹೆಸರು ಹೊಗಳೋ ಪಟ್ಟೀಲೂ ಬರ್ಲಿಲ್ಲ, ಬೈಯೋ ಪಟ್ಟೀಲೂ ಬರ್ಲಿಲ್ಲ. ಒಂದು ಮಗು ಜೀವನದಲ್ಲಿ ಮೊದಲ ಸಲ ಓದೋಕೆ ಕಲಿತ್ರೆ ಅದನ್ನ ಹಾಕೋಕೆ ಯಾವ ಫಾರ್ಮಲ್ಲೂ ಕಾಲಂ ಇಲ್ಲ.

ಇದ್ರಲ್ಲಿ ಕಲಿಯೋ ಅಂಥದ್ದು

ಇಂಥೋರನ್ನ ನೋಡಿದ್ರೆ ದೇವ್ರಂಥ ಟೀಚರ್ ಅಂತ ಕೈ ಮುಗಿಯೋದು ನಮ್ಮ ಅಭ್ಯಾಸ. ಕೈ ಮುಗೀಲಿ, ಬೇಡ ಅನ್ನಲ್ಲ. ಆದ್ರೆ ದೇವ್ರು ಮಾಡಿದ್ದನ್ನ ನಾವು ಮಾಡೋಕಾಗಲ್ಲ ಅಂತಲೂ ಅದರ ಜೊತೆಗೇ ಬಂದುಬಿಡತ್ತೆ. ಈ ಮೇಡಮ್ ಮಾಡಿದ್ರಲ್ಲಿ ಬೇರೆ ಟೀಚರ್ ಮಾಡೋಕಾಗದ್ದು ಯಾವ್ದೂ ಇಲ್ಲ, ದುಡ್ಡು ಖರ್ಚಾಗಿದ್ದು ಒಂದು ನೋಟ್‌ಬುಕ್ಕಿಗೆ, ಬಣ್ಣದ ಚಾಕ್‌ಪೀಸಿಗೆ, ಫೋನ್ ಕರೆನ್ಸಿಗೆ.

ಅವರನ್ನ ಬೇರೆ ಮಾಡಿದ್ದು ತಪ್ಪು ಉತ್ತರದ ಮುಂದೆ ಅವರು ನಿಲ್ತಿದ್ದ ರೀತಿ. ನಾವೆಲ್ಲ ಸರಿ ಉತ್ತರ ಬರೋ ತನಕ ಕಾಯ್ತೀವಿ, ತಪ್ಪು ಬಂದ್ರೆ ನೆಕ್ಸ್ಟ್ ಅಂತ ಪಕ್ಕದವನನ್ನ ಎಬ್ಬಿಸ್ತೀವಿ. ಅವರಿಗೆ ವಗರ, ಕಣರ ಅನ್ನೋದು ಸರಿ ಉತ್ತರಕ್ಕಿಂತ ಹೆಚ್ಚು ಮುಖ್ಯ ಆಗಿತ್ತು, ಮಗು ಎಲ್ಲಿ ನಿಂತಿದೆ ಅಂತ ಅದು ಹೇಳ್ತಿತ್ತು. ಆ ಹುಡುಗ ಈಗ ಐಟಿಐ ಮುಗಿಸಿ ದುಡೀತಿದಾನೆ, ಮೇಡಮ್ ಬಗ್ಗೆ ಏನ್ ನೆನಪಿದೆ ಅಂತ ಕೇಳಿದ್ದಕ್ಕೆ ಪ್ರೀತಿ ಗೀತಿ ಏನೂ ಹೇಳ್ಲಿಲ್ಲ, "ತಪ್ಪ್ ಓದಿದ್ರ ನಗತಿರ್ಲಿಲ್ರಿ ಸರ್, ಬರಕೊಂತಿದ್ರು" ಅಂದ. ಪ್ರೀತಿ ಇತ್ತು, ಅದು ಮಗುವಿಗೆ ತಲುಪಿದ್ದು ಈ ಬರ್ಕೊಳೋದ್ರಲ್ಲಿ.

ಎರಡನೇದು ಮರ್ಯಾದೆ ಪ್ರಶ್ನೆ. ದೊಡ್ಡ ಮಕ್ಕಳಿಗೆ ಚಿಕ್ಕ ಪಾಠ ಹೇಳಬೇಕಾದಾಗ ಚಿಕ್ಕ ಪುಸ್ತಕ ಕೊಡಬಾರ್ದು. ಅದೇ ಒತ್ತಕ್ಷರ, ಒಂದನೇ ಕ್ಲಾಸಿನ ಕಾರ್ಡಲ್ಲಿ ಕಲಿಯೋಕೆ ಒಪ್ಪದ ಹುಡುಗ ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಕಲಿತ. ವಿಜ್ಞಾನದ ಪುಸ್ತಕದಲ್ಲೂ ಇದನ್ನ ಮಾಡಬೌದು ಅಂತ ನಾನು ಮುಂದಿನ ವರ್ಷ ಮಾಡಿ ನೋಡಿದೀನಿ, ದ್ಯುತಿಸಂಶ್ಲೇಷಣೆ ಅಂತ ಒಂದು ಪದ ಬಿಡಿಸಿ ಓದಿಸೋದ್ರಲ್ಲೇ ಎರಡು ಒತ್ತಿನ ಪಾಠ ಆಗತ್ತೆ.

ಆಮೇಲೆ, ಒಬ್ರೇ ಮಾಡಿದ್ರೆ ಇದು ಆ ಒಬ್ರ ಜೊತೆಗೇ ಹೋಗತ್ತೆ. ಎರಡು ವರ್ಷ ಆದ್ಮೇಲೆ ಮೇಡಮ್‌ಗೆ ಕೌನ್ಸೆಲಿಂಗಲ್ಲಿ ಬೇರೆ ಜಿಲ್ಲೆಗೆ ವರ್ಗಾವಣೆ ಆಯ್ತು. ಕನ್ನಡ ಸರ್‌ನ ಮೊದಲ ದಿನವೇ ಜೊತೆಗೆ ಕರ್ಕೊಂಡಿದ್ದಕ್ಕೇ ಆ ಶಾಲೇಲಿ ಕೆಲಸ ನಿಂತಿಲ್ಲ. ಈಗ ಅವ್ರು ಹತ್ತನೇ ಕ್ಲಾಸಿನ ತನಕ ಕಾಯಲ್ಲ, ಎಂಟಕ್ಕೆ ಸೇರೋ ಎಲ್ಲ ಮಕ್ಕಳನ್ನೂ ಓದಿಸಿ ನೋಡ್ತಾರೆ, ಜೊತೆಗೆ ದಿನಾ ಎರಡು ಸಾಲು ಸ್ವಂತದ್ದು ಬರೆಸ್ತಾರೆ, ಸಮಾಜ ವಿಜ್ಞಾನದಲ್ಲಿ ಆದ ಪೆಟ್ಟಿಂದ ಬಂದ ಪದ್ಧತಿ ಅದು. ಇವತ್ತು ಮಳೆ ಬಂತು, ಅಪ್ಪ ಬೀಜ ತಂದ, ಅಷ್ಟೇ ಇದ್ರೂ ಸಾಕು, ಬೋರ್ಡ್ ನೋಡಿ ಮಾತ್ರ ಬರೀಬಾರ್ದು.

ನಿಮ್ಮ ಶಾಲೇಲಿ ಮಾಡೋರಿದ್ರೆ ಒಂದೆರಡು ಮಾತು. ಒಂದೇ ಪುಟದ ಹಾಳೆ ಸಾಕು, ನಾಲ್ಕು ಮಟ್ಟದ ಓದು, ಕೊನೇಲಿ ನಿಮ್ಮ ವಿಷಯದ ಒಂದು ಸಾಲು. ಒಬ್ಬೊಬ್ಬರನ್ನೇ ಕರೀರಿ, ನೋಟ್ಸ್ ನೀಟಾಗಿರೋ ಮಕ್ಕಳನ್ನ ಬಿಟ್ಟುಬಿಡಬೇಡಿ, ಮಾರ್ಕ್ಸ್ ಹಾಕಬೇಡಿ, ಏನ್ ಓದಿದ್ರೋ ಅದನ್ನ ಅಕ್ಷರ ಬಿಡದೆ ಬರ್ಕೊಳಿ. ಮತ್ತೆ ಇದನ್ನ ಜೂನ್‌ನಲ್ಲೇ ಮಾಡಿ, ಗುಳೆ ಹೋಗೋ ಸೀಮೆಗಳಲ್ಲಿ ದೀಪಾವಳಿ ಆದ್ಮೇಲೆ ಶುರು ಮಾಡಿದ್ರೆ ಯಾರಿಗೆ ಇದು ಬೇಕಾಗಿತ್ತೋ ಆ ಮಕ್ಕಳೇ ಕ್ಲಾಸಲ್ಲಿ ಇರಲ್ಲ.